ಇಪ್ಪತ್ತು ಅಡಿ ಕೆಸರಿಗೆ ಒಂದು ಹಳೇ ಸ್ಕಾರ್ಪಿಯೊ

ದೋಣಿ ಎಳೆಯೋಕೆ ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ, ಹುಡುಕುತ್ತಿದ್ದೇನೆ ಅಂತ ದಾವಣಗೆರೆಯಲ್ಲಿ ಯಾರಿಗೆ ಹೇಳಿದರೂ ಮೊದಲು ನಗುತ್ತಿದ್ದರು. "ಅಲ್ರೀ, ನಮ್ಮೂರಾಗೆ ಸಮುದ್ರ ಎಲ್ಲೈತಿ?" ಸಮುದ್ರ ಇಲ್ಲ, ಒಪ್ಪಿದೆ. ಆದರೆ ಚನ್ನಗಿರಿ ಕಡೆ ಹೋದರೆ ಸೂಳೆಕೆರೆ ಇದೆ. ಬೋರ್ಡಿನಲ್ಲಿ ಶಾಂತಿಸಾಗರ ಅಂತ ಬರೆದಿರುತ್ತಾರೆ, ನಾವು ಕರೆಯೋದು ಸೂಳೆಕೆರೆ ಅಂತಲೇ. ಅದರ ಏರಿ ಮೇಲೆ ನಿಂತು ನೋಡಿದವರು ಸಮುದ್ರದ ಮಾತು ಎತ್ತೋದಿಲ್ಲ. ಹಿರಿಯೂರು ಕಡೆ ಇಳಿದರೆ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯ. ಇವೆರಡರ ಮಧ್ಯೆ ಹೊಳಲ್ಕೆರೆ, ಹೊಸದುರ್ಗದ ಕಡೆ ಸಣ್ಣಪುಟ್ಟ ಕೆರೆಗಳು ಎಷ್ಟೋ.

ನನ್ನ ಕಸುಬು ಈ ನೀರುಗಳ ಮೇಲೆಯೇ ನಡೆಯುತ್ತೆ. ಮೀನಿಗೆ ಕೆರೆ ಗುತ್ತಿಗೆ ಹಿಡಿದವರಿಗೆ ದೋಣಿ ಬಾಡಿಗೆ ಕೊಡುತ್ತೇನೆ. ಹರಿಗೋಲಿನಲ್ಲಿ ಬಲೆ ಬಿಡೋರು ಈಗಲೂ ಇದ್ದಾರೆ. ಆದರೆ ದೊಡ್ಡ ಕೆರೆಯಲ್ಲಿ ರಾತ್ರಿ ಕಾವಲು ತಿರುಗೋಕೆ, ದೂರದ ಬಲೆ ಎತ್ತೋಕೆ ಎಂಜಿನ್ ಇರುವ ದೋಣಿ ಬೇಕು. ಗಣಪತಿ ಬಿಡುವ ಕಾಲದಲ್ಲಿ ನಾಲ್ಕು ದಿನ ಬೇರೆ ಬಾಡಿಗೆ ಸಿಗುತ್ತೆ. ದೋಣಿ 16 ಅಡಿಯ ಫೈಬರ್‌ದು, ಮಲ್ಪೆ ಕಡೆಯಿಂದ ಲಾರಿ ಮೇಲೆ ತಂದಿದ್ದು. ಇರೋದು ಒಂದೇ. ಇವತ್ತು ಇಲ್ಲಿ, ನಾಡಿದ್ದು ಅಲ್ಲಿ. ಅದಕ್ಕೇ ಟ್ರೇಲರ್.

ಮೊದಲು ನನ್ನ ಹತ್ತಿರ ಇದ್ದದ್ದು ಸಾಮಾನ್ಯ ಪಿಕಪ್. ಹಿಂದಿನ ಚಕ್ರಕ್ಕೆ ಮಾತ್ರ ಎಂಜಿನ್ ಬಲ. ರೋಡಿನಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ಕೈಕೊಟ್ಟಿದ್ದೆಲ್ಲ ನೀರಿನ ಅಂಚಿನಲ್ಲಿ. ನಮ್ಮ ಕೆರೆಗಳಲ್ಲಿ ದೋಣಿ ಇಳಿಸೋಕೆ ಅಂತ ಕಾಂಕ್ರೀಟ್ ಇಳಿಜಾರು ಇರೋದು ಅಪರೂಪ. ನೀರು ಎಲ್ಲಿದೆಯೋ ಅಲ್ಲೇ ನಮ್ಮ ಬಂದರು. ನಾಲೆ ನೀರು ಬಂದ ಕಾಲದಲ್ಲಿ ಅಡಿಕೆ ತೋಟದ ಬೇಲಿ ತನಕ ನೀರು. ಏಪ್ರಿಲ್‌ನಲ್ಲಿ ಅದೇ ನೀರು ಅರ್ಧ ಕಿಲೋಮೀಟರ್ ಆಚೆ, ಮಧ್ಯದಲ್ಲೆಲ್ಲ ಕೆರೆ ಗೋಡು. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಗಟ್ಟಿ ಇದೆ ಅಂದುಕೊಳ್ಳುತ್ತೀರಿ. ಗೇಣುದ್ದ ಕೆಳಗೆ ಬೆಣ್ಣೆ.

ಹೋದ ವರ್ಷ ಬೇಸಿಗೆಯಲ್ಲಿ ಅಂಥದ್ದೇ ಜಾಗದಲ್ಲಿ ಪಿಕಪ್ಪಿನ ಹಿಂದಿನ ಚಕ್ರ ಎರಡೂ ಆಕ್ಸಲ್ ತನಕ ಕೂತವು. ದೋಣಿ ಟ್ರೇಲರ್ ಮೇಲೆ, ಟ್ರೇಲರ್ ಅರ್ಧ ನೀರಿನಲ್ಲಿ, ನಾನು ಮೊಳಕಾಲು ತನಕ ಗೋಡಿನಲ್ಲಿ. ಎರಡು ಗಂಟೆ ಸಲಿಕೆ ಹಿಡಿದು ತೋಡಿದ್ದಾಯಿತು, ತೆಂಗಿನ ಗರಿ ಹಾಸಿದ್ದಾಯಿತು. ಕೊನೆಗೆ ಪಕ್ಕದ ಗದ್ದೆಯವರ ಟ್ರ್ಯಾಕ್ಟರ್ ಬಂದು ಎಳೆಯಿತು. 1,500 ರೂಪಾಯಿ ಕೊಟ್ಟೆ. ದುಡ್ಡಿಗಿಂತ ಟ್ರ್ಯಾಕ್ಟರ್ ಹುಡುಗ ಹೇಳಿದ ಮಾತು ಜಾಸ್ತಿ ಚುಚ್ಚಿತು: "ಅಣ್ಣಾ, ಮುಂದಿನ ಸಲ ಮೊದ್ಲೇ ಫೋನ್ ಮಾಡ್ಬಿಡು, ಇಷ್ಟೊತ್ತು ಯಾಕೆ ಒದ್ದಾಡ್ತಿ."

ಹಾಗಾದರೆ ಟ್ರ್ಯಾಕ್ಟರೇ ಇಟ್ಟುಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ಕೆರೆಯ ಒಳಗೆ ಅದಕ್ಕೆ ಸಾಟಿ ಇಲ್ಲ. ಆದರೆ ಚನ್ನಗಿರಿಯಿಂದ ಹಿರಿಯೂರು ತನಕ ಟ್ರ್ಯಾಕ್ಟರಿನಲ್ಲಿ ಹೋದರೆ ಒಂದು ಹಗಲು ರಸ್ತೆಯಲ್ಲೇ ಮುಗಿಯುತ್ತೆ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ನನಗೆ ನಾಲ್ಕು ಚಕ್ರದ ಬಲ ಬೇಕಾಗೋದು ನೀರಿನ ಅಂಚಿನಿಂದ ಗಟ್ಟಿ ನೆಲದ ತನಕ, ಅಂದರೆ ಇಪ್ಪತ್ತು ಅಡಿಗೆ. ಕೆಟ್ಟ ದಿನ ಐವತ್ತು. ಉಳಿದ ನೂರು ಕಿಲೋಮೀಟರಿಗೆ ಬೇಕಾಗಿರೋದು ಒಳ್ಳೆ ಬ್ರೇಕು, ಉದ್ದನೆಯ ಮೈ, ಬಿಸಿಯಾಗದ ಎಂಜಿನ್. ಗಾಡಿ ನೋಡೋಕೆ ಹೋದಾಗ ಎಲ್ಲರೂ ಆ ಇಪ್ಪತ್ತು ಅಡಿಯನ್ನೇ ತಲೆಯಲ್ಲಿ ಇಟ್ಟುಕೊಂಡು ನೋಡುತ್ತಾರೆ. ದಪ್ಪ ಟೈರು, ಎತ್ತರ, ಮುಂದೆ ವಿಂಚು. ನಾನೂ ಮೊದಲ ತಿಂಗಳು ಹಾಗೇ ನೋಡಿದೆ.

ಗಾಡಿ ನೋಡುವ ಮೊದಲು ಒಂದು ಒಳ್ಳೆ ಕೆಲಸ ಮಾಡಿದೆ. ಟ್ರೇಲರನ್ನು ಮೆಕ್ಕೆಜೋಳದ ಲಾರಿಗಳು ಹತ್ತುವ ವೇಬ್ರಿಡ್ಜಿಗೆ ಒಯ್ದು ತೂಗಿಸಿದೆ. ದೋಣಿ, ಎಂಜಿನ್, ಎರಡು ಕ್ಯಾನ್ ಪೆಟ್ರೋಲ್, ಲಂಗರು, ಬಲೆ ಎಲ್ಲ ಸೇರಿ 740 ಕೆಜಿ. ನಾನು 500 ಅಂದುಕೊಂಡಿದ್ದೆ! ಯೂರೋಪಿನಲ್ಲಿ ಬ್ರೇಕಿಲ್ಲದ ಟ್ರೇಲರಿಗೆ 750 ಕೆಜಿ ಮಿತಿ. ಅದಕ್ಕಿಂತ ಜಾಸ್ತಿ ಇದ್ದರೆ ಟ್ರೇಲರಿಗೇ ಬೇರೆ ಬ್ರೇಕು ಇರಬೇಕು. ನನ್ನದು ಬ್ರೇಕಿಲ್ಲದ್ದು, ಆ ಮಿತಿಗಿಂತ ಹತ್ತು ಕೆಜಿ ಕಡಿಮೆ. ಹಿಡಿದ ಮೀನನ್ನು ದೋಣಿಯಲ್ಲೇ ಹಾಕಿಕೊಂಡು ಬರೋಣ ಅನ್ನುವ ಆಲೋಚನೆ ಅಲ್ಲಿಗೇ ಬಿಟ್ಟೆ. ಮೀನು ಐಸಿನ ಜೊತೆ ಬೇರೆ ಗಾಡಿಯಲ್ಲಿ ಬರಲಿ.

ಇನ್ನು ಗಾಡಿಗಳು. ಜಿಪ್ಸಿ ಮೇಲೆ ನನಗೆ ಚಿಕ್ಕಂದಿನಿಂದ ಆಸೆ. ಕೆಸರಿನಲ್ಲಿ ಮೇಕೆ ತರಹ ಹೋಗುತ್ತೆ. ಆದರೆ ಎಂಜಿನ್ 1.3 ಲೀಟರ್ ಪೆಟ್ರೋಲ್, 80 ಅಶ್ವಶಕ್ತಿ. ಗಾಡಿಯೇ ಒಂದು ಟನ್ ಆಸುಪಾಸು. ಅದರ ಹಿಂದೆ ಮುಕ್ಕಾಲು ಟನ್ ಕಟ್ಟಿದರೆ ಇಳಿಜಾರಿನಲ್ಲಿ ಯಾರು ಯಾರನ್ನು ಎಳೆಯುತ್ತಾರೆ ಅನ್ನೋದೇ ಪ್ರಶ್ನೆ. ಆಸೆ ಆಸೆಯಾಗೇ ಇರಲಿ ಅಂತ ಬಿಟ್ಟೆ.

ಹಳೇ ಥಾರ್, ಅಂದರೆ 2010ರಿಂದ 2020ರ ತನಕ ಬಂದ ಮಾಡೆಲ್, ನೋಡಿದ್ದು ಮೂರು. 2.5 ಲೀಟರ್ ಡೀಸೆಲ್, 105 ಅಶ್ವಶಕ್ತಿ, ಸ್ಪೀಡು ಇಳಿಸಿ ಎಳೆತ ಹೆಚ್ಚಿಸುವ ಲೋ ಗೇರ್ ಇದೆ. 2015ರ ನಂತರದ್ದರಲ್ಲಿ ಹಿಂದಿನ ಡಿಫರೆನ್ಶಿಯಲ್, ಅಂದರೆ ಎರಡು ಚಕ್ರಕ್ಕೆ ಬಲ ಹಂಚುವ ಗೇರಿನ ಪೆಟ್ಟಿಗೆ, ತಾನೇ ಲಾಕ್ ಆಗುತ್ತೆ. ಅದು ಗೋಡಿನಲ್ಲಿ ದೊಡ್ಡ ವರ. ಒಂದು ಚಕ್ರ ಸುಮ್ನೆ ತಿರುಗುತ್ತಾ ಕೂರೋದಿಲ್ಲ. ನನ್ನನ್ನು ತಡೆದದ್ದು ಅದರ ಗಿಡ್ಡ ಮೈ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯೆ ಇರೋದು 2,430 ಮಿಲಿಮೀಟರ್. ನನ್ನ ಟ್ರೇಲರ್ ಅದರ ಎರಡರಷ್ಟಿಗಿಂತ ಉದ್ದ. ಗಿಡ್ಡ ಗಾಡಿಗೆ ಉದ್ದ ಟ್ರೇಲರ್ ಕಟ್ಟಿದರೆ ಬಾಲವೇ ನಾಯಿಯನ್ನು ಅಲ್ಲಾಡಿಸಿದ ಹಾಗೆ. ಸುಮ್ನೆ ಕೆರೆ ಸುತ್ತೋಕೆ ಆಗಿದ್ದರೆ ಕಣ್ಣು ಮುಚ್ಚಿ ಥಾರ್ ತಗೋತಿದ್ದೆ. ಜೊತೆಗೆ ಥಾರ್ ಇಟ್ಟುಕೊಂಡ ಹುಡುಗರು ಅದನ್ನು ಕಂಪನಿಯಿಂದ ಬಂದ ಹಾಗೇ ಬಿಟ್ಟಿರೋದಿಲ್ಲ. ಮೂರರಲ್ಲಿ ಎರಡಕ್ಕೆ ಕಂಪನಿಯ ಟೈರೇ ಇರಲಿಲ್ಲ, ಒಂದಕ್ಕೆ ಕಂಪನಿಯ ಬಂಪರೂ ಇರಲಿಲ್ಲ.

ದುರ್ಗದ ಸ್ನೇಹಿತರೊಬ್ಬರು ತಮ್ಮ ಡಸ್ಟರ್ ಎಡಬ್ಲ್ಯೂಡಿ (ಅದೂ ನಾಲ್ಕು ಚಕ್ರದ ಬಲದ್ದೇ) ಕೊಡುತ್ತೇನೆ ಅಂದರು. ರೋಡಿನಲ್ಲಿ ನಾನು ಓಡಿಸಿದ್ದರಲ್ಲೆಲ್ಲ ಹಾಯಾದ ಗಾಡಿ ಅದೇ. ಆದರೆ ಅದಕ್ಕೆ ಲೋ ಗೇರ್ ಇಲ್ಲ, ಕೆಳಗೆ ಭಾರ ಹೊರುವ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ಬೇರೆ ಇಲ್ಲ, ಮೈಯೇ ಚಾಸಿ. ಸಂಸಾರಕ್ಕೆ ಒಳ್ಳೆಯದು, ನನ್ನ ಕೆಲಸಕ್ಕಲ್ಲ. ಇಸುಜು ವಿ-ಕ್ರಾಸ್ ಲೆಕ್ಕದಲ್ಲಿ ಎಲ್ಲಕ್ಕಿಂತ ಸರಿ ಕೂರುತ್ತೆ. ಉದ್ದ ಮೈ, ಮುಂದಿನ ಹಿಂದಿನ ಚಕ್ರದ ಮಧ್ಯೆಯೇ 3,095 ಮಿಲಿಮೀಟರ್, 320 ನ್ಯೂಟನ್ ಮೀಟರ್ ಎಳೆತ, ಹಿಂದೆ ತೊಟ್ಟಿ, ಅದರಲ್ಲಿ ಒದ್ದೆ ಬಲೆ ಎಸೆಯಬಹುದು. 2016ರಲ್ಲಿ ಬಂದದ್ದು. ಹಳೆಯದಕ್ಕೂ ಅವರು ಕೇಳುತ್ತಿದ್ದ ರೇಟು ನನ್ನ ಹತ್ತಿರ ಇದ್ದ ದುಡ್ಡಿನ ಎರಡರಷ್ಟು. ದುಡ್ಡು ಇದ್ದವರು ಇಲ್ಲೇ ಓದೋದು ನಿಲ್ಲಿಸಿ ಅದನ್ನು ಹುಡುಕಬಹುದು.

ಹೀಗೆ ಸುತ್ತುವಾಗ ಎರಡು ಗಾಡಿ ನನಗೆ ಪಾಠ ಕಲಿಸಿದವು. ಯಾವ ಕಂಪನಿಯದು, ಯಾರು ಮಾರುತ್ತಿದ್ದರು ಅನ್ನೋದು ಬೇಡ. ತಪ್ಪು ಕಂಪನಿಯದಲ್ಲ, ಇಟ್ಟುಕೊಂಡವರದು.

ಒಂದನೆಯದು ಕೆಎ 20 ನಂಬರಿನದು, ಉಡುಪಿ ಕಡೆಯದು. ಬಿಳಿ ಬಣ್ಣ, ಮಿರಮಿರ ಮಿಂಚುತ್ತಿತ್ತು. ಒಳಗೆ ಹೊಸ ಸೀಟ್ ಕವರ್, ಊದುಬತ್ತಿ ವಾಸನೆ. ನಾನು ಆಗಲೇ ಮನಸ್ಸಿನಲ್ಲಿ ಅಡ್ವಾನ್ಸ್ ಎಣಿಸುತ್ತಿದ್ದೆ. ಜೊತೆಗೆ ಕರೆದೊಯ್ದಿದ್ದ ಮಿಸ್ತ್ರಿ ಬಣ್ಣದ ಕಡೆ ನೋಡಲೇ ಇಲ್ಲ. ಗೋಣಿಚೀಲ ಹಾಸಿ ಸೀದಾ ಕೆಳಗೆ ಮಲಗಿದರು. ಕೈಯಲ್ಲಿ ಟಾರ್ಚು, ಒಂದು ಸ್ಕ್ರೂ ಡ್ರೈವರ್. ಹಿಂದಿನ ಚಕ್ರದ ಹತ್ತಿರ, ಚಾಸಿ ಬಾಗಿ ಮೇಲೇಳುವ ಜಾಗದಲ್ಲಿ, ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. ಮಿಸ್ತ್ರಿ ಸ್ಕ್ರೂ ಡ್ರೈವರಿನ ಹಿಡಿಯಿಂದ ಬಡಿದುಕೊಂಡು ಬಂದರು. ಟಣ್, ಟಣ್, ಟಣ್, ಆಮೇಲೆ ಒಂದು ಕಡೆ "ಡಬ್". ಅಲ್ಲಿ ಮೊನೆ ಒತ್ತಿದರು. ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಮೇಲೆದ್ದು ಮೈ ಕೊಡವಿಕೊಂಡು ಮಾಲೀಕರಿಗೆ ಕೇಳಿದ್ದು ಇಷ್ಟೇ: "ಸಾರ್, ಇದು ಬೀಚಿನಾಗೆ ದೋಣಿ ಎಳೆದಿದ್ದಾ?" ಅವರು ಉತ್ತರ ಕೊಡಲಿಲ್ಲ. ನಾವೂ ಚಹಾ ಕುಡಿಯದೇ ಬಂದೆವು.

ದೋಣಿ ಎಳೆದು ಅನುಭವ ಇರುವ ಗಾಡಿ ಒಳ್ಳೆಯದು ಅಂತ ನಾನು ಅಂದುಕೊಂಡಿದ್ದೆ. ಉಲ್ಟಾ. ಉಪ್ಪು ನೀರಿಗೆ ಹಿಂದಿನ ಚಕ್ರ ಇಳಿಸಿದ ಗಾಡಿಯ ಚಾಸಿ ಒಳಗಿನಿಂದ ತಿನ್ನಿಸಿಕೊಂಡಿರುತ್ತೆ. ಕರಾವಳಿಯ ನಂಬರ್ ಅಂದ ತಕ್ಷಣ ಬೇಡ ಅನ್ನಬೇಕಿಲ್ಲ. ಆದರೆ ಕೆಎ 19, 20, 30 ಕಂಡರೆ ಗೋಣಿಚೀಲ ಎರಡು ಸಲ ಹಾಸಿ.

ಎರಡನೆಯದು ನಮ್ಮ ಊರಿನದೇ, ಕೆಎ 17. ಮಾರುವವರು "ಫೋರ್ ಬೈ ಫೋರ್ ಫಸ್ಟ್ ಕ್ಲಾಸ್ ಐತಿ, ಲೈಟ್ ಬರುತ್ತೆ ನೋಡ್ರಿ" ಅಂತ ಸ್ವಿಚ್ ಹಾಕಿ ತೋರಿಸಿದರು. ಮೀಟರಿನಲ್ಲಿ ಲೈಟ್ ಬಂತು. ಮಿಸ್ತ್ರಿ ಹೇಳಿದರು: "ಲೈಟ್ ದೋಣಿ ಎಳೆಯಂಗಿಲ್ಲ ರೀ." ಆಮೇಲೆ ಅವರು ಮಾಡಿದ ಪರೀಕ್ಷೆ ಮನೆಯಲ್ಲೇ ಮಾಡುವಂಥದ್ದು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮುಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕ್ ಕೊಟ್ಟು ಎತ್ತಿದರು. ಟೂ ವೀಲ್‌ನಲ್ಲಿ ಇದ್ದಾಗ ಎತ್ತಿದ ಚಕ್ರವನ್ನು ಕೈಯಲ್ಲಿ ತಿರುಗಿಸಿದರು, ತಿರುಗಿತು. ಸರಿ, ತಿರುಗಬೇಕು. ಆಮೇಲೆ ಫೋರ್ ವೀಲ್ ಹಾಕಿ, ಎಂಜಿನ್ ಆಫ್ ಮಾಡಿ, ಗೇರಿನಲ್ಲಿ ಬಿಟ್ಟು ಮತ್ತೆ ತಿರುಗಿಸಿದರು. ಈಗ ಅದು ಅಲ್ಲಾಡಬಾರದು, ಸ್ವಲ್ಪ ಸಡಿಲ ಬಿಟ್ಟರೆ ಗಟ್ಟಿಯಾಗಿ ನಿಲ್ಲಬೇಕು. ಯಾಕೆಂದರೆ ಮಧ್ಯದ ಶಾಫ್ಟು ಹಿಡಿದುಕೊಂಡಿದೆ, ಇನ್ನೊಂದು ಚಕ್ರ ನೆಲದ ಮೇಲಿದೆ, ತಿರುಗೋಕೆ ದಾರಿಯೇ ಇಲ್ಲ. ಆದರೆ ಈ ಚಕ್ರ ಜಾತ್ರೆ ತೊಟ್ಟಿಲಿನ ಹಾಗೆ ತಿರುಗಿತು. ಲೈಟ್ ಮಾತ್ರ ಉರಿಯುತ್ತಲೇ ಇತ್ತು. ಮಾಲೀಕರಿಗೂ ನಿಜವಾಗಿ ಗೊತ್ತಿರಲಿಲ್ಲ ಅನ್ನಿಸುತ್ತೆ. ಐದು ವರ್ಷ ಇಟ್ಟುಕೊಂಡು ಒಂದು ಸಲವೂ ಕೆಸರಿಗೆ ಇಳಿಸಿರಲಿಲ್ಲ. ಬಳಸದೇ ಇಟ್ಟ ಫೋರ್ ಬೈ ಫೋರ್ ಬಳಸಿದ್ದಕ್ಕಿಂತ ಕೆಟ್ಟದಾಗಿರಬಹುದು ಅನ್ನೋದು ಅವತ್ತು ಗೊತ್ತಾಯಿತು.

ನಾಲ್ಕು ತಿಂಗಳ ಮೇಲೆ ಸಿಕ್ಕಿದ್ದು ಈ ಸ್ಕಾರ್ಪಿಯೊ. 2012ರ ಮಾಡೆಲ್, 2.2 ಲೀಟರ್ ಎಂಹಾಕ್ ಎಂಜಿನ್, 120 ಅಶ್ವಶಕ್ತಿ, ಫೋರ್ ವೀಲ್ ಡ್ರೈವ್. ಕೆಎ 16, ಚಿತ್ರದುರ್ಗದ ನಂಬರ್. ಇಟ್ಟುಕೊಂಡಿದ್ದವರು ಹೊಸದುರ್ಗ ಕಡೆ ತೆಂಗಿನ ತೋಟದವರು, ವಯಸ್ಸಾದವರು. ಗಾಡಿಗೆ ಬಣ್ಣ ಹೊಡೆಸಿರಲಿಲ್ಲ, ತೊಳೆದೂ ಇರಲಿಲ್ಲ. ಬಲಗಡೆ ಬಾಗಿಲಲ್ಲಿ ತೆಂಗಿನ ಮರ ಉಜ್ಜಿದ ಗೆರೆ. ಹಿಂದಿನ ಸೀಟಿನಲ್ಲಿ ಎರಡು ಮೂಟೆ ಹಿಂಡಿ. ಓಡಿದ್ದು 1,38,000 ಕಿಲೋಮೀಟರ್, ಕಡಿಮೆಯೇನಲ್ಲ. ಆದರೆ ಪ್ರತಿ ಸರ್ವಿಸಿನ ಬಿಲ್ಲನ್ನೂ ಪಂಚಾಂಗದ ಜೊತೆ ಮೊಳೆಗೆ ಸಿಕ್ಕಿಸಿ ಇಟ್ಟಿದ್ದರು.

ಮಿಸ್ತ್ರಿ ಮತ್ತೆ ಗೋಣಿಚೀಲ ಹಾಸಿದರು. ಚಾಸಿ ಎಲ್ಲ ಕಡೆ ಟಣ್ ಅಂತು. ಮುಂದಿನ ಡಿಫರೆನ್ಶಿಯಲ್ಲಿನ ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿ ಬೆರಳು ಅದ್ದಿದರು. ಎಣ್ಣೆ ಕಪ್ಪಗಿದ್ದರೆ ಹಳೆಯದು, ಬದಲಾಯಿಸಿದರೆ ಆಯಿತು. ಬಾದಾಮಿ ಹಾಲಿನ ಬಣ್ಣ ಇದ್ದರೆ ನೀರು ಹೊಕ್ಕಿದೆ, ಬೇರಿಂಗು ಹೋಗಿರುತ್ತೆ. ಇದು ಕಪ್ಪು. ಆಮೇಲೆ ಕ್ಲಚ್ಚು. ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ನಿಧಾನ ಕ್ಲಚ್ ಬಿಟ್ಟರು. ಎಂಜಿನ್ ಥಟ್ಟನೆ ನಿಂತರೆ ಕ್ಲಚ್ ಹಿಡಿಯುತ್ತಿದೆ ಅಂತ. ಇಲ್ಲಿ ನಿಲ್ಲೋಕೆ ಸ್ವಲ್ಪ ಹೊತ್ತು ತಗೊಂಡಿತು. "ಆರು ತಿಂಗಳು ಬರ್ತೈತಿ" ಅಂದರು ಮಿಸ್ತ್ರಿ. ಆ ಆರು ತಿಂಗಳನ್ನೇ ಹಿಡಿದು ರೇಟು ಇಳಿಸಿದೆ. ಜ್ಯಾಕ್ ಪರೀಕ್ಷೆಯಲ್ಲಿ ಚಕ್ರ ಬಂಡೆಯ ಹಾಗೆ ನಿಂತಿತು. ನನಗೆ ಒಳಗೊಳಗೇ ಖುಷಿ, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಟೈರು ನಾಲ್ಕೂ ಒಂದೇ ಕಂಪನಿಯದು, ಒಂದೇ ಸವೆತ. ಫೋರ್ ಬೈ ಫೋರ್‌ನಲ್ಲಿ ಇದು ಚೆಂದಕ್ಕಲ್ಲ. ಎರಡು ಹೊಸದು ಎರಡು ಬೋಳು ಇದ್ದರೆ ಮುಂದಿನ ಹಿಂದಿನ ಚಕ್ರ ಸುತ್ತುವ ಲೆಕ್ಕವೇ ಬೇರೆಯಾಗಿ ಗೇರುಗಳು ಒಳಗೇ ಜಗಳ ಆಡುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2318 ಅಂದರೆ 2018ರ 23ನೇ ವಾರದಲ್ಲಿ ಮಾಡಿದ್ದು. ಇದರದ್ದು ಹಲ್ಲು ಚೆನ್ನಾಗಿತ್ತು, ವಯಸ್ಸು ಜಾಸ್ತಿಯಾಗಿತ್ತು. ಅದಕ್ಕೂ ಸ್ವಲ್ಪ ಇಳಿಸಿದರು. 4 ಲಕ್ಷ 60 ಸಾವಿರಕ್ಕೆ ಮಾತು ಮುಗಿಯಿತು. ಯಜಮಾನರು ದುಡ್ಡು ಎಣಿಸಿಕೊಂಡು ಒಂದು ಚೀಲ ತೆಂಗಿನಕಾಯಿ ಡಿಕ್ಕಿಗೆ ಹಾಕಿಸಿದರು. ಹಿಂಡಿ ಮೂಟೆ ಮಾತ್ರ ಮರೆಯದೇ ಇಳಿಸಿಕೊಂಡರು.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಗಾಡಿ ಹೆಸರಿಗೆ ಮಾಡಿಸೋಕೆ ಫಾರಂ 29, 30 ಸಹಿ ಮಾಡಿಸಿದ್ದು, ಸಾಲ ತೀರಿದ್ದಕ್ಕೆ ಫಾರಂ 35 ಮತ್ತು ಬ್ಯಾಂಕಿನ ಪತ್ರ, ಬಾಕಿ ದಂಡ ಇದೆಯಾ ಅಂತ ನೋಡಿದ್ದು. ಆರ್‌ಸಿಯಲ್ಲಿ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿನ ಜೊತೆ ನೀವೇ ಬೆರಳಿಟ್ಟು ಓದಿ. ಡೀಸೆಲ್ ಗಾಡಿ, 2027ಕ್ಕೆ 15 ವರ್ಷ ತುಂಬುತ್ತೆ, ಆಗ ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನುವ ಪತ್ರ) ಮಾಡಿಸಿ ನೋಂದಣಿ ಮುಂದುವರಿಸಬೇಕು. ಆ ಖರ್ಚನ್ನು ಈಗಿನ ರೇಟಿನಲ್ಲೇ ಕಳೆದು ಮಾತಾಡಿ. ಟ್ರೇಲರ್ ವಿಷಯ ಬಹಳ ಜನ ಮರೆಯುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲ ಅಂದ ಮಾತ್ರಕ್ಕೆ ಬಂಡಿ ಆಗೋದಿಲ್ಲ.

ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಕೆಲಸ ಪಿ.ಬಿ. ರಸ್ತೆ ಪಕ್ಕದ ವೆಲ್ಡಿಂಗ್ ಶಾಪಿನಲ್ಲಿ ಆಯಿತು. ಅಲ್ಲಿಯ ಹುಡುಗ ಬಂಪರಿಗೆ ಒಂದು ಪಟ್ಟಿ ಬೆಸೆದು ಸಂಜೆಗೆ ಕೊಡುತ್ತೇನೆ ಅಂದ. ಬೇಡಪ್ಪಾ ಅಂದೆ. ಬಂಪರ್ ಇರೋದು ನೋಡೋಕೆ. ಎಳೆತ ಚಾಸಿಯ ಎರಡೂ ಪಟ್ಟಿಗೆ ಹೋಗಬೇಕು, ಅದೂ ಬೋಲ್ಟಿನಲ್ಲಿ. ಎರಡು ದಿನ ಹಿಡಿಯಿತು. ಟ್ರೇಲರಿನ ಮೂತಿ ಕೂರೋಕೆ 50 ಮಿಲಿಮೀಟರ್ ಉಂಡೆ, ಪಕ್ಕದಲ್ಲಿ ಎರಡು ಸರಪಳಿಗೆ ಬಳೆ. ಸರಪಳಿ ಎರಡನ್ನೂ ಕೊಕ್ಕೆಯ ಕೆಳಗೆ ಅಡ್ಡಡ್ಡ ಹಾಯಿಸಿ ಕಟ್ಟಬೇಕು. ಕೊಕ್ಕೆ ಕಳಚಿದರೆ ಟ್ರೇಲರಿನ ಮೂತಿ ನೆಲಕ್ಕೆ ಕುಟ್ಟದೆ ಸರಪಳಿ ತೊಟ್ಟಿಲ ಮೇಲೆ ಕೂರುತ್ತೆ.

ಮೊದಲನೇ ಸಲ ಎಳೆದುಕೊಂಡು ಹೋದಾಗ ಸಂತೆಬೆನ್ನೂರು ಹತ್ತಿರ ಜೀವ ಬಾಯಿಗೆ ಬಂತು. ಐವತ್ತೈದರ ಸ್ಪೀಡು. ಎದುರಿಗೆ ಬಸ್ಸು ಹಾದುಹೋಯಿತು. ಆ ಗಾಳಿಗೆ ಟ್ರೇಲರ್ ಹಾವಿನ ಬಾಲದ ಹಾಗೆ ಎಡಕ್ಕೆ ಬಲಕ್ಕೆ ಬೀಸತೊಡಗಿತು, ಒಂದೊಂದು ಬೀಸಿಗೂ ಜಾಸ್ತಿ. ಬ್ರೇಕ್ ಒತ್ತಬೇಕು ಅಂತ ಕಾಲು ಹೋಗುತ್ತೆ. ಒತ್ತಬಾರದು. ಸ್ಟೇರಿಂಗ್ ಗಟ್ಟಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆದೆ, ತಾನಾಗಿ ಸುಧಾರಿಸಿತು. ಬೈದದ್ದು ಗಾಡಿಯನ್ನು, ತಪ್ಪು ನನ್ನದು. ದೋಣಿಯ ಎಂಜಿನ್ ಹಿಂದೆ, ಪೆಟ್ರೋಲ್ ಹಿಂದೆ, ಲಂಗರೂ ಹಿಂದೆ ಇಟ್ಟಿದ್ದೆ. ಮಾರನೇ ದಿನ ಕಾಳಿನ ಅಂಗಡಿಯ ಭಾವನ ಹತ್ತಿರ ಮೂಟೆ ತೂಗುವ ಯಂತ್ರ ತಂದು ಟ್ರೇಲರಿನ ಮೂತಿಯನ್ನು ಅದರ ಮೇಲೆ ಇಟ್ಟೆ. ಬರೀ 28 ಕೆಜಿ. ಒಟ್ಟು ತೂಕದಲ್ಲಿ ಹತ್ತನೇ ಒಂದು ಪಾಲು ಕೊಕ್ಕೆಯ ಮೇಲೆ ಕೂರಬೇಕು, ಅಂದರೆ 74ರ ಹತ್ತಿರ. ಪೆಟ್ರೋಲ್ ಕ್ಯಾನು, ಲಂಗರು, ಬಲೆ ಮುಂದಕ್ಕೆ ತಂದೆ. ದೋಣಿಯನ್ನೂ ಟ್ರೇಲರ್ ಮೇಲೆ ಗೇಣುದ್ದ ಮುಂದೆ ಜರುಗಿಸಿ 72ಕ್ಕೆ ತಂದೆ. ಆಮೇಲೆ ಒಂದು ಸಲವೂ ಬೀಸಿಲ್ಲ. ಭಾವ ಮಾತ್ರ ತೂಕದ ಯಂತ್ರಕ್ಕೆ ಮೀನಿನ ವಾಸನೆ ಹತ್ತಿದೆ ಅಂತ ಇವತ್ತಿಗೂ ಹೇಳುತ್ತಾನೆ.

ಈಗ ಆ ಇಪ್ಪತ್ತು ಅಡಿ. ಸೂಳೆಕೆರೆಯಲ್ಲಿ, ಹಿಂದೆ ಪಿಕಪ್ ಹೂತಿತ್ತಲ್ಲ, ಬೇಕಂತಲೇ ಅದೇ ಕಡೆ ಹೋದೆ. ಟೈರಿನ ಗಾಳಿ 32ರಿಂದ 20ಕ್ಕೆ ಇಳಿಸಿದೆ, ಟೈರು ಅಗಲವಾಗಿ ಕೂರಲಿ ಅಂತ. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ, ಫೋರ್ ವೀಲ್ ಹಾಕುವ ನಾಬ್ ಅನ್ನು ಲೋ ಕಡೆಗೆ ತಿರುಗಿಸಿದೆ. ಕೆಳಗೆಲ್ಲೋ "ಟಕ್" ಅಂತು. ದೋಣಿ ಟ್ರೇಲರ್ ಮೇಲೆ ಕೂತಿದೆ, ಸ್ಕಾರ್ಪಿಯೊ ಹಿಂದಿನ ಚಕ್ರ ನೀರಿನಲ್ಲಿ, ಪಾಚಿ ಮೇಲೆ. ಮುಂದಿನ ಚಕ್ರ ಮಾತ್ರ ಒಣ ನೆಲದಲ್ಲಿ. ಎಲ್ಲ ಗುಟ್ಟೂ ಇಲ್ಲೇ ಇದೆ. ಹಿಂದಿನ ಚಕ್ರದ ಮೇಲೆ ಭಾರ ಎಷ್ಟೇ ಇರಲಿ, ಅದು ಪಾಚಿ ಮೇಲೆ ನಿಂತಿದೆ. ಹಿಡಿತ ಇರೋದು ಮುಂದಿನ ಚಕ್ರಕ್ಕೆ, ಬಲ ಅಲ್ಲಿಗೆ ಹೋಗಬೇಕು. ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟು ಕಾಲು ಎರಡನ್ನೂ ಕೆಳಗೆ ಇಟ್ಟುಕೊಂಡೆ. ಆಕ್ಸಿಲರೇಟರ್ ಮುಟ್ಟಲಿಲ್ಲ. ಲೋ ಗೇರಿನಲ್ಲಿ ಎಳೆತ ಎರಡೂವರೆ ಪಟ್ಟು, ಸ್ಪೀಡು ಅಷ್ಟೇ ಕಡಿಮೆ. ಎತ್ತು ಗಾಣ ತಿರುಗಿದ ಹಾಗೆ ಗಾಡಿ ಹೆಜ್ಜೆ ಹೆಜ್ಜೆ ಮೇಲೆ ಬಂತು. ಹಿಂದಿನ ಎಡ ಚಕ್ರ ಒಂದು ಸಲ ಜಾರಿತು, ಮುಂದಿನವು ಎಳೆದವು. ಒಂದು ನಿಮಿಷವೂ ಹಿಡಿಯಲಿಲ್ಲ. ಟ್ರ್ಯಾಕ್ಟರ್ ಹುಡುಗ ಏರಿ ಮೇಲೆ ಬೈಕ್ ನಿಲ್ಲಿಸಿ ನೋಡುತ್ತಿದ್ದ. ಕೈ ಎತ್ತಿದೆ, ಅವನೂ ಎತ್ತಿದ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನೀರಿನಿಂದ ಐವತ್ತು ಅರವತ್ತು ಅಡಿ ಒಳಗೆ ನಿಮಗೆ ವರ್ಷಪೂರ್ತಿ ಗಟ್ಟಿ ನೆಲ ಸಿಗುತ್ತೆ ಅಂದರೆ ಈ ಗಾಡಿಯೇ ಬೇಡ. ಟ್ರೇಲರ್ ಕಳಚಿ, ಮೂತಿಗೆ ಒಂದು ಸಣ್ಣ ಚಕ್ರ ಕೊಟ್ಟು, ಉದ್ದದ ಗಟ್ಟಿ ಹಗ್ಗ ಕಟ್ಟಿ, ಸಾದಾ ಪಿಕಪ್ ಅನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ಎಳೆಯಬಹುದು. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಅಷ್ಟೇ. ಮೂರು ಸಾವಿರದ ಹಗ್ಗದಲ್ಲಿ ಆಗುವ ಕೆಲಸಕ್ಕೆ ಐದು ಲಕ್ಷ ಹಾಕಿದವರನ್ನು ನೋಡಿದ್ದೇನೆ. ನನಗೆ ಹಗ್ಗ ಸಾಲದು. ಮಾರಿಕಣಿವೆ 2022ರಲ್ಲಿ 1933ರ ನಂತರ ಮೊದಲನೇ ಸಲ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. 130 ಅಡಿ ತುಂಬಿದಾಗ ಹಳೇ ದಾರಿ ನೀರಿನ ಕೆಳಗೆ, ಹೊಸ ಅಂಚು ಜಾಲಿ ಮುಳ್ಳಿನ ಹೊಲದಲ್ಲಿ. ನೀರು ಎಲ್ಲಿರುತ್ತೆ ಅಂತ ಹೋದ ವರ್ಷದ ಲೆಕ್ಕದಲ್ಲಿ ಹೇಳೋಕೆ ಆಗೋದಿಲ್ಲ.

ರೋಡಿನ ವಿಷಯ. ಫೋರ್ ವೀಲ್ ಹಾಕಿಕೊಂಡು ಡಾಂಬರಿನ ಮೇಲೆ ಓಡಿಸಬೇಡಿ. ನನ್ನ ಅಕ್ಕನ ಮಗ ಕೆರೆಯಿಂದ ಮೇಲೆ ಬಂದವನು ನಾಬ್ ತಿರುಗಿಸೋದು ಮರೆತು ಊರೊಳಗೆ ತಿರುವು ತಗೊಂಡ. ಗಾಡಿ ಕುಂಟು ಎತ್ತಿನ ಹಾಗೆ ಜಗ್ಗಿ ಜಗ್ಗಿ ನಿಂತಿತು. "ಮಾಮಾ, ಏನೋ ಮುರೀತು!" ಅಂತ ಫೋನು. ಮುರಿದಿರಲಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಈ ತರಹದ ಗಾಡಿಗಳಲ್ಲಿ ಮುಂದೆ ಹಿಂದೆ ಎರಡೂ ಶಾಫ್ಟು ಒಂದಕ್ಕೊಂದು ಬಿಗಿದಿರುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ಸರಿ ಮಾಡಿಕೊಳ್ಳುತ್ತೆ, ಡಾಂಬರಿನಲ್ಲಿ ಜಾರೋಕೆ ಜಾಗ ಇಲ್ಲ. ಸ್ವಲ್ಪ ಹಿಂದಕ್ಕೆ ತಗೊಂಡು ಟೂ ವೀಲ್‌ಗೆ ಹಾಕು ಅಂದೆ, ಸರಿಹೋಯಿತು.

ಬ್ರೇಕಿನಲ್ಲಿ ನನಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ಗಾಡಿಯದು ಎರಡು ಟನ್ ಹತ್ತಿರ, ಆದ್ದರಿಂದ ಹಿಂದಿನ 740 ಕೆಜಿ ಅದನ್ನು ತಳ್ಳಿಬಿಡೋದಿಲ್ಲ. ಆದರೆ ಒಬ್ಬನೇ ಓಡಿಸುವಾಗಿನ ಅಂದಾಜಿನಲ್ಲಿ ನಿಲ್ಲಿಸೋಕೆ ಹೋದರೆ ನಿಲ್ಲೋದಿಲ್ಲ. ಹೈವೇಯಲ್ಲಿ 60 ದಾಟೋದಿಲ್ಲ, ಮುಂದಿನ ಲಾರಿಗೂ ನನಗೂ ಮಧ್ಯೆ ಇನ್ನೊಂದು ಲಾರಿ ಹಿಡಿಸುವಷ್ಟು ಜಾಗ. ಆ ಜಾಗಕ್ಕೆ ಯಾವನೋ ಕಾರಿನವನು ನುಗ್ಗೇ ನುಗ್ಗುತ್ತಾನೆ, ಆಗ ಮತ್ತೆ ಹಿಂದೆ ಸರಿಯಬೇಕು. ಇಳಿಜಾರಿನಲ್ಲಿ ಹತ್ತುವಾಗ ಹಾಕುವ ಗೇರನ್ನೇ ಇಳಿಯುವಾಗಲೂ ಹಾಕುತ್ತೇನೆ. ತಗೊಂಡ ವಾರವೇ ಮುಂದಿನ ಬ್ರೇಕ್ ಪ್ಯಾಡು, ಬ್ರೇಕ್ ಎಣ್ಣೆ ಹೊಸದು ಹಾಕಿಸಿದೆ.

ಟ್ರೇಲರಿನ ಚಕ್ರದ ಬೇರಿಂಗನ್ನು ಒಂದು ಸಲ ಹಾಳು ಮಾಡಿಕೊಂಡೆ, ಆತುರದಿಂದ. ನೂರು ಕಿಲೋಮೀಟರ್ ಓಡಿದ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ಗುಂಬ, ಬಿಸಿಯಾಗಿರುತ್ತೆ. ಹಾಗೇ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಪಕ್ಕದಿಂದ ನೀರು ಎಳೆದುಕೊಳ್ಳುತ್ತೆ. ಗ್ರೀಸು ಹೋಗಿ ನೀರು ಉಳಿಯುತ್ತೆ. ಗಾಡಿಯ ಹಿಂದಿನ ಆಕ್ಸಲಿಗೂ ಇದೇ ಕತೆ. ಈಗ ಕೆರೆ ಅಂಚಿಗೆ ಹೋದ ಮೇಲೆ ಅರ್ಧ ಗಂಟೆ ಸುಮ್ನೆ ಕೂರೋದು. ದಾವಣಗೆರೆಯಿಂದ ಕಟ್ಟಿಸಿಕೊಂಡು ಬಂದ ಮಂಡಕ್ಕಿ, ಮಿರ್ಚಿ ಅಷ್ಟೊತ್ತಿಗೆ ಮುಗಿಯುತ್ತೆ. ಆಮೇಲೆ ಹಬ್ ಮುಟ್ಟಿ ನೋಡಿ ನೀರಿಗೆ.

ಖರ್ಚು: ಕ್ಲಚ್ಚು ಮಿಸ್ತ್ರಿ ಹೇಳಿದ ಆರು ತಿಂಗಳೂ ಬರಲಿಲ್ಲ, ನಾಲ್ಕಕ್ಕೇ ಹೋಯಿತು. ಕೊಕ್ಕೆ, ಬ್ರೇಕು, ಕ್ಲಚ್ಚು, ಎಲ್ಲ ಎಣ್ಣೆ ಬದಲಾವಣೆ ಸೇರಿ 52,000 ಆಯಿತು. ಹಳೇ ಗಾಡಿ ತಗೊಳ್ಳೋರು ಹತ್ತನೇ ಒಂದು ಪಾಲು ಪಕ್ಕಕ್ಕೆ ಇಟ್ಟುಕೊಂಡೇ ಹೋಗಿ. ಟೈರು ಬರುವ ಬೇಸಿಗೆಗೆ. ಮೈಲೇಜು ಖಾಲಿ ಓಡಿದರೆ 11, ದೋಣಿ ಕಟ್ಟಿದರೆ 8. ಬೇಸಿಗೆಯ ಮಧ್ಯಾಹ್ನ ಏರಿ ಹತ್ತುವಾಗಲೂ ಎಂಜಿನ್ ಬಿಸಿ ತೋರಿಸುವ ಸೂಜಿ ಮಧ್ಯ ದಾಟಿಲ್ಲ. ಹಿಂದೆ ಸ್ಪ್ರಿಂಗು ಮೆತ್ತಗೆ, ಟ್ರೇಲರ್ ಕಟ್ಟಿದಾಗ ಗಾಡಿ ಸ್ವಲ್ಪ ಕುಕ್ಕರಿಸಿ ಕೂರುತ್ತೆ, ರಾತ್ರಿ ಹೆಡ್‌ಲೈಟು ಮರದ ತುದಿ ತೋರಿಸುತ್ತೆ. ಅದನ್ನು ಲೈಟಿನ ಸ್ಕ್ರೂ ತಿರುಗಿಸಿ ತಗ್ಗಿಸಿಕೊಂಡಿದ್ದೇನೆ. ಇದೇ ದುಡ್ಡಿಗೆ ಇದೇ ಕೆಲಸಕ್ಕೆ ಮತ್ತೆ ತಗೋತೀಯಾ ಅಂದರೆ ತಗೋತೀನಿ. ಬರೀ ಓಡಾಡೋಕೆ ಅಂದರೆ ಇಲ್ಲ, ಟೂ ವೀಲ್‌ದೇ ಸಾಕು, ಮೈಲೇಜಾದರೂ ಬರುತ್ತೆ.

ಇನ್ನೊಂದು ದೂರು ನನ್ನದಲ್ಲ, ಅತ್ತಿಗೆಯದು. ಶ್ರಾವಣದಲ್ಲಿ ಮದುವೆಗೆ ಇದೇ ಗಾಡಿಯಲ್ಲಿ ಹೋಗಿದ್ದೆವು. ಡಿಕ್ಕಿಯಿಂದ ಬ್ಯಾಗ್ ಇಳಿಸುವಾಗ ಕೊಕ್ಕೆಯ ಉಂಡೆಗೆ ಬಳಿದಿದ್ದ ಗ್ರೀಸು ಅವರ ರೇಷ್ಮೆ ಸೀರೆಗೆ ಬಟ್ಟಲಗಲ ಅಂಟಿತು. ಮುಹೂರ್ತದ ತನಕ ಸೆರಗು ಆ ಕಡೆಗೇ ಹಿಡಿದುಕೊಂಡಿದ್ದರು, ನನ್ನ ಕಡೆ ನೋಡಲಿಲ್ಲ. ಮನೆಗೆ ಬಂದು ಹುಡುಗರ ಹಳೇ ಟೆನಿಸ್ ಚೆಂಡಿಗೆ ಬ್ಲೇಡಿನಲ್ಲಿ ಅರ್ಧದ ತನಕ ಸೀಳು ಹಾಕಿ ಉಂಡೆಗೆ ತೊಡಿಸಿದೆ. ಟ್ರೇಲರ್ ಕಟ್ಟುವಾಗ ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಇಡುತ್ತೇನೆ. ಇದು ಮೂರನೇ ಚೆಂಡು. ಮೊದಲೆರಡನ್ನು ಹುಡುಗರು ಕ್ರಿಕೆಟ್ಟಿಗೆ ವಾಪಸ್ ಒಯ್ದರು.